ಓಣಿಯವರ ಎದುರೇ ಬ್ಯಾರಲ್ ಚೆಲ್ಲಿಸಿದರು

ಪ್ರಶ್ನೆ: ನಮ್ಮದು ಕೊಲ್ಹಾರ. ಮನೆಯಲ್ಲಿ ಎಮ್ಮೆಗಳಿವೆ, ಗಡಿಗೆ ಮೊಸರಿನ ವ್ಯಾಪಾರ. ಹೋದ ವಾರ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಿಬ್ಬಂದಿ ಬಂದು, ಬ್ಯಾರಲ್‌ಗೆ ಟಾರ್ಚ್ ಬಿಟ್ಟು ನೋಡಿ, ಸೊಳ್ಳೆಮರಿ ಇವೆ ಎಂದು ಓಣಿಯವರ ಎದುರೇ ನೀರು ಚೆಲ್ಲಿಸಿದರು. ತೊಟ್ಟಿಗೆ ಏನೋ ಔಷಧಿ ಹಾಕಿದರು. ಮತ್ತೆ ಕಂಡರೆ ದಂಡ ಎಂದರು. ಇನ್ನು ನಮ್ಮ ಮೊಸರನ್ನು ಯಾರು ಕೊಳ್ಳುತ್ತಾರೆ? ಆ ಔಷಧಿ ಮಕ್ಕಳಿಗೆ, ಎಮ್ಮೆಗಳಿಗೆ ಕೆಡುಕು ಮಾಡೀತೇ? ಹೊಗೆ ಹೊಡೆಸಿದ್ದರೆ ಸಾಲದಿತ್ತೇ?

ಉತ್ತರ: ತಂಗಿ, ಮೊದಲು ಮರ್ಯಾದೆಯ ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದಕ್ಕೆ ನೀವು ಕುಡಿಯಲು ಹಿಡಿದಿಟ್ಟ ತಿಳಿ ನೀರೇ ಬೇಕು. ನಲ್ಲಿ ದಿನವೂ ಬರದ ಊರಿನಲ್ಲಿ ನೀರು ಕೂಡಿಡದ ಮನೆ ಯಾವುದಿದೆ? ನಿಮ್ಮ ಬ್ಯಾರಲ್‌ನಲ್ಲಿ ಮರಿ ಕಂಡದ್ದು ನಿಮ್ಮ ಮನೆಯ ಕೊಳಕಿಗೆ ಸಾಕ್ಷಿಯಲ್ಲ, ಮೊಸರಿಗಂತೂ ಸಂಬಂಧವೇ ಇಲ್ಲ. ಕೇಳಿದವರಿಗೆ ಹೀಗೆಯೇ ಹೇಳಿ. ಓಣಿಯ ಮುಂದೆ ಚೆಲ್ಲಿಸುವ ಬದಲು ಒಳಗೆ ಕರೆದು ತಿಳಿಸಬಹುದಿತ್ತು ಎಂಬ ನಿಮ್ಮ ನೋವು ನ್ಯಾಯವಾದದ್ದು. ಆದರೆ ಅವರು ಮಾಡಿದ ಕೆಲಸ ಸರಿಯಾದದ್ದು.

ಹೊಗೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಜನ ಅದನ್ನು ಕೇಳುತ್ತಾರೆ. ಅದು ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ಬ್ಯಾರಲ್‌ನೊಳಗಿನ ಮರಿಗೆ ಅದು ತಟ್ಟುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. 1901ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ವಿಲಿಯಂ ಗೋರ್ಗಸ್ ಎಂಬ ವೈದ್ಯಾಧಿಕಾರಿ ಇದೇ ಜಾತಿಯ ಸೊಳ್ಳೆಯ ಬೆನ್ನು ಹತ್ತಿದ್ದರು. ಅವರ ತಂಡ ಮನೆಮನೆಗೆ ಹೋಗಿ ನೀರಿನ ಪಾತ್ರೆ ಪರೀಕ್ಷಿಸಿತು, ಮರಿ ಕಂಡಲ್ಲಿ ದಂಡ ಹಾಕಿತು. ಆ ಸೊಳ್ಳೆ ಹರಡುತ್ತಿದ್ದ, ತಲೆಮಾರುಗಳಿಂದ ಕಾಡಿದ್ದ ಹಳದಿ ಜ್ವರ ಆ ವರ್ಷವೇ ಅಲ್ಲಿ ಅಡಗಿತು. ನಿಮ್ಮ ಮನೆಗೆ ಟಾರ್ಚ್ ಹಿಡಿದು ಬಂದವರು ಆ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ.

ತೊಟ್ಟಿಗೆ ಹಾಕುವ ಔಷಧಿ ಸಾಮಾನ್ಯವಾಗಿ ಟೆಮಿಫಾಸ್. ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಕುಡಿಯುವ ನೀರಿಗೂ ಬಳಸಲು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಇದೆ. ಆ ಅಳತೆಯಲ್ಲಿ ಮಕ್ಕಳಿಗೆ, ಎಮ್ಮೆಗಳಿಗೆ ಭಯವಿಲ್ಲ. ಹೆಸರನ್ನು ಆಶಾ ಕಾರ್ಯಕರ್ತೆಯನ್ನೇ ಕೇಳಿ ಖಚಿತ ಮಾಡಿಕೊಳ್ಳಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮಾತ್ರ ನೀವಾಗಿಯೇ ತೊಟ್ಟಿಗೆ ಸುರಿಯಬೇಡಿ, ಅದು ವಿಷ.

ದಂಡದ ಮಾತು ಬರಿಯ ಬೆದರಿಕೆಯಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರ ಪ್ರದೇಶದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಅಂಗಡಿ, ಹೋಟೆಲಿನಂಥ ವ್ಯಾಪಾರದ ಜಾಗಕ್ಕೆ ಅದು ನಗರದಲ್ಲಿ 1000. ಖಾಲಿ ನಿವೇಶನ, ಕಟ್ಟಡ ಕೆಲಸದ ಜಾಗಕ್ಕೆ 2000. ಹಾಗಾಗಿ ನಿಮ್ಮ ಓಣಿಯ ಖಾಲಿ ಜಾಗದಲ್ಲಿ ನೀರು ನಿಂತಿದ್ದರೆ ಪಟ್ಟಣ ಪಂಚಾಯಿತಿಗೆ ಬರೆದು ಕೊಡಿ. ಬಡವರ ಬ್ಯಾರಲ್ ನೋಡುವ ಕಣ್ಣು ಅದನ್ನೂ ನೋಡಲೇಬೇಕು.

ಇನ್ನು ನಿಮ್ಮ ಮನೆ. ನಾನಾಗಿದ್ದರೆ ಬ್ಯಾರಲ್‌ಗಿಂತ ಮೊದಲು ಹಿತ್ತಲಿನ ಗಡಿಗೆಗಳನ್ನು ನೋಡುತ್ತಿದ್ದೆ. ಮೊಸರಿಗೆಂದು ತಂದು ಬಾಯಿ ಮೇಲೆ ಮಾಡಿ ಪೇರಿಸಿಟ್ಟ ಖಾಲಿ ಗಡಿಗೆಯಲ್ಲಿ ಒಂದು ಮಳೆಯ ನೀರು ನಿಂತರೂ ಸೊಳ್ಳೆಗೆ ಸಾಕು. ಅವನ್ನು ಬೋರಲು ಹಾಕಿ, ಇಲ್ಲವೇ ಸೂರಿನಡಿ ಇಡಿ. ಒಡೆದವನ್ನು ಇಟ್ಟುಕೊಳ್ಳಬೇಡಿ. ಬ್ಯಾರಲ್ ಮತ್ತು ಎಮ್ಮೆಗಳ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆಯನ್ನು ಬ್ರಷ್‌ನಿಂದ ಗಸಗಸ ತಿಕ್ಕಿ, ಒಣಗಿಸಿ, ಆಮೇಲೆ ತುಂಬಿ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತವೆ, ತಿಂಗಳುಗಟ್ಟಲೆ ಒಣಗಿದ್ದು ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಬ್ಯಾರಲ್ ಬಾಯಿಗೆ ಹಳೆ ಸೀರೆ ಬಿಗಿಯಾಗಿ ಕಟ್ಟಿ.

ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ, ರಕ್ತಸ್ರಾವ ಹೆಚ್ಚಬಹುದು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಮುಂದಿನ ಸಲ ಆಶಾ ಕಾರ್ಯಕರ್ತೆ ಬಂದಾಗ ನೀವೇ ಕರೆದು ಗಡಿಗೆ, ತೊಟ್ಟಿ, ಬ್ಯಾರಲ್ ಎಲ್ಲವನ್ನೂ ತೋರಿಸಿ.