ಶಕ್ತಿ ಉಳಿಸುವುದೂ ಒಂದು ಉದ್ಯೋಗ

ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುತ್ತಲೇ ಮನೆಮನೆಯಲ್ಲಿಯೂ ಏಳುವ ಪ್ರಶ್ನೆ, "ಮುಂದೇನು?" ಎಂಬುದು. ಡಾಕ್ಟರು, ಎಂಜಿನಿಯರು, ಸರಕಾರಿ ನೌಕರಿ ಇವಿಷ್ಟೇ ನಮ್ಮ ಕಣ್ಣಿಗೆ ಕಾಣುವ ದಾರಿಗಳು. ಹೆಚ್ಚು ಜನ ತುಳಿಯದ ಇನ್ನೊಂದು ದಾರಿಯನ್ನು ಇಲ್ಲಿ ಪರಿಚಯಿಸುತ್ತೇವೆ. ಅದು ಶಕ್ತಿಯ ಮಿತಬಳಕೆ ಮತ್ತು ಪರಿಸರ ನೀತಿಯ ಕ್ಷೇತ್ರ.

ಹಳೆ ಗೋವಾದ ಸಮೀಪದ ನಮ್ಮ ಕೊರ್ಲಿಮ್ ಕೈಗಾರಿಕಾ ವಸಾಹತನ್ನು ವಿದ್ಯಾರ್ಥಿಗಳೆಲ್ಲರೂ ನೋಡಿದ್ದೀರಿ. ಅಲ್ಲಿಯ ಯಂತ್ರಗಳಿಗೆ ಬೇಕಾದ ವಿದ್ಯುತ್ತು ಎಲ್ಲಿಂದ ಬರುತ್ತದೆ? ಗೋವಾದಲ್ಲಿ ದೊಡ್ಡ ವಿದ್ಯುತ್ ಸ್ಥಾವರಗಳಿಲ್ಲ. ಛತ್ತೀಸಗಢದ ಕೊರ್ಬಾದಂಥ ದೂರದ ಊರುಗಳಲ್ಲಿ ಕಲ್ಲಿದ್ದಲು ಉರಿಸಿ ತಯಾರಿಸಿದ ವಿದ್ಯುತ್ತು ತಂತಿಯ ಮೂಲಕ ಇಲ್ಲಿಗೆ ಬರುತ್ತದೆ. ಬೆಳಕು ನಮ್ಮ ಪಾಲಿಗೆ, ಹೊಗೆ ಮತ್ತು ಬೂದಿ ಅಲ್ಲಿಯವರ ಪಾಲಿಗೆ. ಆದುದರಿಂದ ಇಲ್ಲಿ ಉಳಿಸಿದ ಪ್ರತಿ ಯೂನಿಟ್ಟೂ ಅಲ್ಲಿಯವರಿಗೆ ಮಾಡಿದ ಉಪಕಾರವೇ ಸರಿ.

ಈ ವಿಷಯವನ್ನು ನಮ್ಮ ದೇಶಕ್ಕೆ ಮನಗಾಣಿಸಿದವರಲ್ಲಿ ಬೆಂಗಳೂರಿನ ಪ್ರೊ. ಅಮೂಲ್ಯ ರೆಡ್ಡಿಯವರು (1930-2006) ಪ್ರಮುಖರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಅವರು, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಏಳಿಗೆಗಾಗಿ 'ಅಸ್ತ್ರ' ಕೇಂದ್ರವನ್ನು ಆರಂಭಿಸಿದರು. ಕಡಿಮೆ ಸೌದೆಯಲ್ಲಿ ಹೆಚ್ಚು ಅಡುಗೆ ಮಾಡುವ 'ಅಸ್ತ್ರ ಒಲೆ' ಅಲ್ಲಿಯೇ ರೂಪುಗೊಂಡಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದ ಸ್ಥಾವರ ಕಟ್ಟಿದಾಗ, ಊರಿನ ಅಡುಗೆಗೆಲ್ಲ ಅನಿಲ ಸಾಲದೆಂದು ತಿಳಿಯಿತು. ಆಗ ಅದೇ ಅನಿಲದಿಂದ ಎಂಜಿನ್ ನಡೆಸಿ, ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ಕುಡಿಯುವ ನೀರನ್ನೂ ಒದಗಿಸಿದರು. ಜನರಿಗೆ ಬೇಕಾದದ್ದು ಶಕ್ತಿಯಲ್ಲ, ಅದರಿಂದಾಗುವ ಕೆಲಸ ಎಂಬುದೇ ರೆಡ್ಡಿಯವರ ಸಿದ್ಧಾಂತ. ಇದೇ ರೀತಿಯಲ್ಲಿ ಲೆಕ್ಕ ಹಾಕಿ, ಕರ್ನಾಟಕಕ್ಕೆ ಬೇಕೆಂದು ಯೋಜಕರು ಅಂದಾಜಿಸಿದ್ದ ವಿದ್ಯುತ್ತಿನ ಅರ್ಧಕ್ಕಿಂತಲೂ ಕಡಿಮೆ ಸಾಕೆಂದು ಅವರೂ ಅವರ ಸಹೋದ್ಯೋಗಿಗಳೂ ವಾದಿಸಿದರು. ಲೆಕ್ಕದಿಂದ ನೀತಿ ಹುಟ್ಟುವುದು ಹೀಗೆ.

ಈಗ ಇದು ಕಾನೂನಿನ ಬೆಂಬಲವುಳ್ಳ ಉದ್ಯೋಗ. 2001ರ ಇಂಧನ ಸಂರಕ್ಷಣಾ ಕಾಯಿದೆಯಂತೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ರೆಫ್ರಿಜರೇಟರಿನ ಮೇಲೆ ಕಾಣುವ ನಕ್ಷತ್ರಗಳ ಗುರುತು 2006ರಲ್ಲಿ ಈ ಬ್ಯೂರೋ ಜಾರಿಗೆ ತಂದದ್ದು.

ಇಂಧನ ಪರಿಶೋಧಕರು ಮಾಡುವ ಕೆಲಸವೇನು? ಒತ್ತಡದ ಗಾಳಿಯ ಕೊಳವೆ ಎಲ್ಲಿ ಸೋರುತ್ತಿದೆ, ಉಗಿಯ ಕೊಳವೆಗೆ ಶಾಖ ತಡೆಯುವ ಹೊದಿಕೆ ಇದೆಯೇ, ಚಿಕ್ಕ ಕೆಲಸಕ್ಕೆ ದೊಡ್ಡ ಮೋಟಾರು ವ್ಯರ್ಥವಾಗಿ ತಿರುಗುತ್ತಿದೆಯೇ ಎಂದು ಅಳೆದು ನೋಡುತ್ತಾರೆ. ದುರಸ್ತಿಯ ಖರ್ಚು ಎಷ್ಟು ತಿಂಗಳಲ್ಲಿ ಮರಳಿ ಬರುವುದೆಂದು ಮಾಲೀಕರಿಗೆ ಲೆಕ್ಕ ಒಪ್ಪಿಸುತ್ತಾರೆ. ನೀತಿ ರೂಪಿಸುವವರಿಗಾದರೋ ವಿಜ್ಞಾನದ ಜೊತೆಗೆ ಅರ್ಥಶಾಸ್ತ್ರ, ಕಾನೂನುಗಳ ತಿಳಿವಳಿಕೆಯೂ ಅಗತ್ಯ.

ಸಿದ್ಧತೆ ಮನೆಯಿಂದಲೇ ಆಗಲಿ. 75 ವಾಟ್‌ನ ಹಳೆಯ ಫ್ಯಾನಿನ ಬದಲು 30 ವಾಟ್‌ನದನ್ನು ಹಾಕಿದರೆ ಉಳಿತಾಯ 45 ವಾಟ್. ದಿನಕ್ಕೆ 10 ಗಂಟೆಯಂತೆ 30 ದಿನಕ್ಕೆ ಹದಿಮೂರೂವರೆ ಯೂನಿಟ್. ಸಾವಿರ ಮನೆಗಳಲ್ಲಿ? ಗುಣಿಸಿ ನೋಡಿರಿ. ಹನಿಹನಿಗೂಡಿದರೆ ಹಳ್ಳ.

ಪಾಲಕರಲ್ಲಿ ಎರಡು ಮಾತು. ಎಂಜಿನಿಯರಿಂಗ್ ಪದವಿಗೆ ಹಣ ಸಾಲದೆಂದು ಎದೆಗುಂದಬೇಡಿ. ಹತ್ತನೆಯ ತರಗತಿಯ ನಂತರ ಎಲೆಕ್ಟ್ರಿಕಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಕಾರ್ಖಾನೆಯಲ್ಲಿ ದುಡಿಯುತ್ತಲೇ ಅನುಭವ ಗಳಿಸಬಹುದು. ಶಕ್ತಿಯ ಬಳಕೆಗೆ ಸಂಬಂಧಿಸಿದ ಕೆಲಸದಲ್ಲಿ ಡಿಪ್ಲೊಮಾದವರು 6 ವರ್ಷ, ಎಂಜಿನಿಯರಿಂಗ್ ಪದವೀಧರರು 3 ವರ್ಷ ಪೂರೈಸಿದ ಮೇಲೆ ಬ್ಯೂರೋದ ರಾಷ್ಟ್ರೀಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. ಕನ್ನಡದಲ್ಲಿ ಕಲಿತ ಗಣಿತ, ವಿಜ್ಞಾನಗಳು ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತವೆ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಮಾತ್ರ ಈಗಿನಿಂದಲೇ ದಿನಕ್ಕೆರಡರಂತೆ ರೂಢಿಸಿಕೊಂಡರೆ ಸಾಕು.

ಮುಂದಿನ ತಿಂಗಳ ವಿದ್ಯುತ್ ಬಿಲ್ಲು ಬಂದಾಗ ಅದನ್ನು ಮಕ್ಕಳ ಕೈಗೆ ಕೊಡಿರಿ. ಯೂನಿಟ್ಟುಗಳು ಎಲ್ಲಿ ಹೋದವೆಂದು ಅವರೇ ಹುಡುಕಲಿ.