ಹಿಡಿದ ಬೆಸುಗೆ, ಕೂತ ಬೆಸುಗೆ

ರೇಡಿಯೋ ಅಲೆಗಳ ಸಹಾಯದಿಂದ ದೂರದಲ್ಲಿ ನಿಂತು ನಡೆಸುವ ಆಟದ ಕಾರನ್ನು ಕಾಣದವರು ಈಗ ವಿರಳ. ಆದರೆ ಅದರ ಮೇಲುಹೊದಿಕೆಯನ್ನು ತೆಗೆದು ಒಳಗಿನ ತಂತಿಗಳನ್ನು ನೋಡಿದವರು ಕೂಡ ಅಷ್ಟೇ ವಿರಳವೆಂದು ತೋರುತ್ತದೆ. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇಂಥ ವಿಷಯವನ್ನು ಎತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಕೈಯಿಂದಲೇ ನಡೆದ ಒಂದು ತಪ್ಪು ನನ್ನನ್ನು ಈ ವ್ಯಾಸಂಗಕ್ಕೆ ಹಚ್ಚಿತು. ಅದನ್ನು ಹೇಳುವ ಮೊದಲು ಕಾರಿನ ಒಳಗನ್ನು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ.

ದೂರದಿಂದ ಯಂತ್ರವನ್ನು ನಡೆಸುವ ಈ ವಿದ್ಯೆ ಹೊಸತೇನೂ ಅಲ್ಲ. 1898ರಲ್ಲಿಯೇ ನಿಕೋಲ ಟೆಸ್ಲ ಎಂಬ ವಿಜ್ಞಾನಿಯು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ಪುಟ್ಟ ದೋಣಿಯನ್ನು ತಂತಿಯ ಸಂಬಂಧವಿಲ್ಲದೆ ನಡೆಸಿ ತೋರಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಹೊರಗಿನ ತಂತಿ ಇಲ್ಲವಾಯಿತೇ ಹೊರತು ಒಳಗಿನ ತಂತಿ ಹೋಗಲಿಲ್ಲ; ಇಂದಿಗೂ ಹೋಗಿಲ್ಲ.

ನಾನು ಕೈಹಾಕಿದ ಕಾರು ನಿಜವಾದ ಕಾರಿನ ಹತ್ತರಲ್ಲೊಂದು ಅಳತೆಯದು. ನಮ್ಮ ಭಾವನವರು ಬೆಂಗಳೂರಿನಲ್ಲಿ ಯಾರಿಂದಲೋ ಹಳೆಯದಾಗಿ ಕೊಂಡು ತಂದದ್ದು. ಅದರಲ್ಲಿ ಮುಖ್ಯವಾಗಿ ಐದು ಭಾಗಗಳಿವೆ. ಬ್ಯಾಟರಿ, ಮೋಟಾರು, ಮುಂಚಕ್ರಗಳನ್ನು ತಿರುಗಿಸುವ ಸರ್ವೋ, ಅಲೆಗಳನ್ನು ಗ್ರಹಿಸುವ ರಿಸೀವರ್, ಇವೆಲ್ಲಕ್ಕೂ ನಡುವೆ ದಲ್ಲಾಳಿಯಂತಿರುವ ವೇಗನಿಯಂತ್ರಕ. ಬ್ಯಾಟರಿಯ ಶಕ್ತಿಯೆಲ್ಲ ಮೊದಲು ವೇಗನಿಯಂತ್ರಕಕ್ಕೆ ಬರುತ್ತದೆ. ಅದು ಹೆಚ್ಚಿನ ಪಾಲನ್ನು ಮೋಟಾರಿಗೆ ಕೊಟ್ಟು, 5 ಅಥವಾ 6 ವೋಲ್ಟಿನಷ್ಟನ್ನು ರಿಸೀವರಿಗೂ ಸರ್ವೋವಿಗೂ ಒದಗಿಸುತ್ತದೆ. ಸರ್ವೋವಿಗೆ ಹೋಗುವುದು ಮೂರು ಎಳೆ: ಎರಡು ಶಕ್ತಿಗೆ, ಒಂದು ಆಜ್ಞೆಗೆ. ಆಜ್ಞೆಯೆಂದರೆ ಸೆಕೆಂಡಿಗೆ ಸುಮಾರು 50 ಸಲ ಬರುವ ಒಂದು ಮಿಡಿತ. ಅದು ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಭಾಗದಷ್ಟು ಹೊತ್ತು ನಿಂತರೆ ಚಕ್ರ ನೇರ. ಒಂದು ಭಾಗಕ್ಕಿಳಿದರೆ ಒಂದು ಕಡೆ, ಎರಡಕ್ಕೇರಿದರೆ ಇನ್ನೊಂದು ಕಡೆ.

ಹೀಗೆ ಒಂದೇ ಪೆಟ್ಟಿಗೆಯೊಳಗೆ ಎರಡು ಬಗೆಯ ತಂತಿಗಳು ಸಂಸಾರ ಮಾಡುತ್ತವೆ. ಮೋಟಾರಿನ ದಪ್ಪ ತಂತಿಯಲ್ಲಿ ಕಾರು ನೆಗೆಯುವಾಗ 30 ಆಂಪಿಯರ್ ಹರಿದರೂ ಆಶ್ಚರ್ಯವಿಲ್ಲ. ಆಜ್ಞೆಯ ತೆಳು ಎಳೆಯಲ್ಲಿ ಹರಿಯುವುದು ಅದರ ಮುಂದೆ ಏನೂ ಅಲ್ಲ.

ಇನ್ನು ನನ್ನ ತಪ್ಪಿನ ಕಥೆ. ಕಾರು ಬಂದಾಗ ಬ್ಯಾಟರಿಯ ಪ್ಲಗ್ಗು ಸುಟ್ಟು ಕಪ್ಪಾಗಿತ್ತು. ನಾನು ಹೊಸ ಪ್ಲಗ್ಗನ್ನು ತಂದು, ಮನೆಯಲ್ಲಿದ್ದ 25 ವಾಟಿನ ಬೆಸುಗೆಕಡ್ಡಿಯಿಂದ ಬೆಸೆದೆನು. ಮೀಟರಿನ ಎರಡು ಮೊನೆಗಳನ್ನು ಇಟ್ಟಾಗ ಅದು ‘ಬೀಪ್’ ಎಂದಿತು. ತಂತಿಗಳನ್ನೆಲ್ಲ ಒಟ್ಟು ಮಾಡಿ, ಕಪ್ಪು ಟೇಪನ್ನು ಬಿಗಿಯಾಗಿ ಸುತ್ತಿ, ಒಂದು ಜಡೆಯಂತೆ ಮಾಡಿ ಮುಚ್ಚಿದೆನು. ನೋಡಿದವರೆಲ್ಲ ಮೆಚ್ಚಿದರು. ನಾನಂತೂ ತುಸು ಉಬ್ಬಿದ್ದೆನೆಂದು ಒಪ್ಪಿಕೊಳ್ಳಬೇಕು.

ಸಂಜೆ ಅಕ್ಕನ ಮಗ ಅದನ್ನು ಶಾಲೆಯ ಬಯಲಿನಲ್ಲಿ ಓಡಿಸಿದನು. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯ ಸುತ್ತಿನಲ್ಲಿ ಅವನು ವೇಗವನ್ನು ಪೂರ್ತಿ ಏರಿಸಿದ್ದೇ ತಡ, “ಮಾವ, ಮಾತು ಕೇಳ್ತಿಲ್ಲ!” ಎಂದು ಕೂಗಿದನು. ಒಂದೂವರೆ ಕಿಲೋ ತೂಕದ ಕಾರು ತಿರುಗದೆ, ನಿಲ್ಲದೆ, ಬಂದ ರಭಸದಲ್ಲಿಯೇ ಸಾಗಿ, ಪಕ್ಕದ ಮನೆಯ ಮೂರು ವರ್ಷದ ಮಗುವಿನ ಕಾಲಿಗೆ ನಾಲ್ಕು ಬೆರಳಷ್ಟು ಅಂತರದಲ್ಲಿ ಹಾದು ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಮಗು ನಕ್ಕಿತು. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ನಮ್ಮೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರ ಅಂಗಡಿಗೆ ಕಾರನ್ನು ಒಯ್ದೆನು. ಅವರು ಟೇಪು ಬಿಚ್ಚಿ, ಬೆಸುಗೆಯನ್ನು ಹೆಬ್ಬೆರಳಿನ ಉಗುರಿನಿಂದ ಮೀಟಿದರು. ಬೆಸುಗೆಯ ಗುಂಡು ಮುತ್ತಿನಂತೆ ಕಿತ್ತು ಬಂದಿತು. “ಇದು ಹಿಡ್ದಿಲ್ಲಪ್ಪ, ಸುಮ್ನೆ ಕೂತಿದೆ,” ಎಂದರು. ಈ ಲೇಖನವೆಲ್ಲ ಆ ಮಾತಿನ ವಿವರಣೆಯೆಂದೇ ತಿಳಿಯಬಹುದು.

ಬೆಸುಗೆ ಹಿಡಿಯುವುದೆಂದರೇನು? ಅಂಗಡಿಯಲ್ಲಿ ‘ಲೆಡ್’ ಎಂದು ಕೇಳಿದರೆ ಕೊಡುವ ತಂತಿ ಬರಿಯ ಸೀಸವಲ್ಲ. ತವರ, ಸೀಸಗಳ ಮಿಶ್ರಣ. ತವರ ಒಂದೇ ಆದರೆ 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ, ಸೀಸ 327ರಲ್ಲಿ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ ಎರಡಕ್ಕಿಂತಲೂ ಕಡಿಮೆಯಾದ 183 ಡಿಗ್ರಿಯಲ್ಲಿಯೇ ಕರಗಿ ನೀರಾಗುತ್ತದೆ. ತಾಮ್ರ ಕರಗಲು ಸಾವಿರ ಡಿಗ್ರಿಗೂ ಮೇಲೆ ಬೇಕು. ಆದಕಾರಣ ಬೆಸೆಯುವಾಗ ತಾಮ್ರ ಕರಗುವುದಿಲ್ಲ. ಆದರೆ ಅದು ಸಾಕಷ್ಟು ಕಾದು ಶುಚಿಯಾಗಿದ್ದರೆ ಕರಗಿದ ತವರವು ಅದರ ಮೇಲ್ಮೈಯೊಡನೆ ಕೂಡಿ, ಎರಡೂ ಲೋಹಗಳುಳ್ಳ ಒಂದು ಅತಿ ತೆಳುವಾದ ಪದರವನ್ನು ಕಟ್ಟುತ್ತದೆ. ಹಿಡಿದ ಬೆಸುಗೆ ಎಂದರೆ ಇದೇ. ತಾಮ್ರ ತಣ್ಣಗಿದ್ದರೆ ಅಥವಾ ಕಿಲುಬಿದ್ದರೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಬೆಸುಗೆ ಗುಂಡಗೆ ನಿಲ್ಲುತ್ತದೆ. ಆರಿದ ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ. ರಿಪೇರಿಯವರು ಇದನ್ನು ‘ಡ್ರೈ ಸಾಲ್ಡರ್’ ಎನ್ನುತ್ತಾರೆ.

ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಇದು ಕಷ್ಟದ ಮಾತಲ್ಲ. ಕಲಾಯಿಯವನು ಮೊದಲು ಪಾತ್ರೆಯನ್ನು ಉಜ್ಜುತ್ತಾನೆ, ಆಮೇಲೆ ಪಾತ್ರೆಯನ್ನೇ ಕಾಯಿಸುತ್ತಾನೆ, ನವಸಾಗರದ ಪುಡಿಯನ್ನೆರಚಿ ತವರವನ್ನು ಹತ್ತಿಯಿಂದ ಸವರುತ್ತಾನೆ. ನವಸಾಗರವು ಕಿಲುಬನ್ನು ತಿನ್ನುವುದರಿಂದ ತವರ ಹರಡಿಕೊಳ್ಳುತ್ತದೆ. ತಂತಿಯ ಬೆಸುಗೆಯಲ್ಲಿ ಆ ಕೆಲಸಕ್ಕೆ ರಾಳವುಂಟು. ದೇವದಾರು ಜಾತಿಯ ಮರಗಳ ಅಂಟಿನಿಂದ ಬಂದದ್ದು, ಲೆಡ್ ತಂತಿಯ ಹೊಟ್ಟೆಯೊಳಗೇ ತುಂಬಿರುತ್ತದೆ. ನವಸಾಗರವನ್ನು ಇಲ್ಲಿ ಬಳಸಬಾರದು. ಉಳಿದ ಅಂಶ ತಂತಿಯನ್ನೂ ತಿನ್ನುತ್ತದೆ. ಬೆಸೆಯುವಾಗ ಮೇಲೇಳುವ ಹೊಗೆ ರಾಳದ್ದು, ಅದನ್ನು ಉಸಿರಾಡುವುದು ಒಳ್ಳೆಯದಲ್ಲ. ಸೀಸ ಕೈಗೆ ಹತ್ತುವುದರಿಂದ ಕೆಲಸ ಮುಗಿದೊಡನೆ ಕೈತೊಳೆಯುವುದು ಅಗತ್ಯ.

ಕಲಾಯಿಯವನು ಪಾತ್ರೆಯನ್ನು ಕಾಯಿಸಿದಂತೆ ನಾನು ತಂತಿಯನ್ನು ಕಾಯಿಸಿರಲಿಲ್ಲ. ಕಡ್ಡಿಯ ಮೊನೆಯಲ್ಲಿ ಲೆಡ್ ಕರಗಿಸಿ ತಂತಿಯ ಮೇಲೆ ತೊಟ್ಟಿಕ್ಕಿಸಿದ್ದೆನು. ಅದೂ 25 ವಾಟಿನ ಕಡ್ಡಿಯಲ್ಲಿ, ಅಷ್ಟು ದಪ್ಪ ತಾಮ್ರಕ್ಕೆ! ಚಿಮಣಿ ದೀಪದ ಮೇಲೆ ಹಂಡೆಯ ನೀರನ್ನು ಕಾಯಿಸಹೊರಟಂತಾಯಿತು. ತಾಮ್ರ ಶಾಖವನ್ನು ತಂತಿಯುದ್ದಕ್ಕೂ ಸೆಳೆದುಕೊಂಡು ತಾನು ತಣ್ಣಗೇ ಉಳಿಯಿತು. ಇಂಥ ತಂತಿಗೆ 60 ವಾಟಾದರೂ ಬೇಕು, ಮೊನೆಯೂ ಅಗಲವಾಗಿರಬೇಕು. ತಂತಿಗೂ ಪ್ಲಗ್ಗಿನ ಬಟ್ಟಲಿಗೂ ಬೇರೆ ಬೇರೆಯಾಗಿ ಮೊದಲು ಕಲಾಯಿ ಹಚ್ಚಿ, ಆಮೇಲೆ ಎರಡನ್ನೂ ಕೂಡಿಸಿ ಕಾಯಿಸಿ, ಲೆಡ್ಡನ್ನು ಕಡ್ಡಿಗೆ ಮುಟ್ಟಿಸದೆ ಕಾದ ತಂತಿಗೇ ಮುಟ್ಟಿಸತಕ್ಕದ್ದು. ತಂತಿ ತಾನಾಗಿ ಕುಡಿದರೆ ಸರಿ. ಆರುವವರೆಗೆ ಕೈ ಅಲುಗಬಾರದು. ಪ್ಲಗ್ಗಿನ ಪ್ಲಾಸ್ಟಿಕ್ಕು ಶಾಖಕ್ಕೆ ಮೆತ್ತಗಾಗುವುದರಿಂದ ಅದರ ಜೋಡಿಯನ್ನು ಸಿಕ್ಕಿಸಿಟ್ಟುಕೊಂಡು ಬೆಸೆದರೆ ಕಡ್ಡಿಗಳು ಓರೆಯಾಗುವುದಿಲ್ಲ. ಆ ಜೋಡಿಗೆ ಬ್ಯಾಟರಿ ಸೇರಿರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮೀಟರು ‘ಬೀಪ್’ ಎಂದುದೇಕೆ? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಉತ್ತರ ಓಮ್ ನಿಯಮದಲ್ಲಿದೆ. ಮೀಟರು ಪರೀಕ್ಷೆಗೆ ಕಳುಹಿಸುವ ಪ್ರವಾಹ ಅತ್ಯಲ್ಪ. ತುಸು ತಾಗಿದ್ದರೂ ಅದು ದಾಟುತ್ತದೆ. ಕೆಟ್ಟ ಬೆಸುಗೆಯಲ್ಲಿ ಓಮಿನ ನೂರರಲ್ಲೊಂದು ಭಾಗದಷ್ಟೇ ರೋಧವಿದೆಯೆನ್ನೋಣ. 30 ಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು 0.3 ವೋಲ್ಟು, ಆದರೆ ಹುಟ್ಟುವ ಶಾಖ 9 ವಾಟು. ಮನೆಯ ಒಂದು ಎಲ್‌ಇಡಿ ಬಲ್ಬಿನ ಶಕ್ತಿಯೆಲ್ಲ ಒಂದು ಹೆಸರುಕಾಳಿನಷ್ಟು ಜಾಗದಲ್ಲಿ ಕೂಡಿದಂತೆ! ಆ ಕಾವಿಗೆ, ಅಲುಗಾಟಕ್ಕೆ ಬೆಸುಗೆ ಇನ್ನಷ್ಟು ಸಡಿಲಗೊಂಡು ರೋಧ ಓಮಿನ ಹತ್ತರಲ್ಲೊಂದು ಭಾಗಕ್ಕೇರಿದರೆ, ಅಷ್ಟೇ ಪ್ರವಾಹಕ್ಕೆ 3 ವೋಲ್ಟು ಅಲ್ಲಿಯೇ ಹೋಗುತ್ತದೆ. 7.2 ವೋಲ್ಟಿನ ಬ್ಯಾಟರಿಯಲ್ಲಿ ಉಳಿಯುವುದು 4.2. ರಿಸೀವರಿಗೆ ಬೇಕಾದ ಶಕ್ತಿ ಸಾಲದೆ ಅದು ಮೂರ್ಛೆ ಹೋಗುತ್ತದೆ. ವೇಗವನ್ನು ಪೂರ್ತಿ ಏರಿಸಿದ ಕ್ಷಣದಲ್ಲಿಯೇ ಕಾರು ಕಿವುಡಾದುದರ ಗುಟ್ಟು ಇದು.

ಆದುದರಿಂದ ಬೆಸುಗೆಯನ್ನು ಪ್ರವಾಹ ಹರಿಯುತ್ತಿರುವಾಗಲೇ ಅಳೆಯಬೇಕು. ಕಾರನ್ನು ಚಕ್ರ ನೆಲಕ್ಕೆ ತಾಗದಂತೆ ಪುಸ್ತಕಗಳ ಮೇಲೆ ಕೂರಿಸಿ, ಮೋಟಾರನ್ನು ಓಡಿಸಿ, ಬೆಸುಗೆಯ ಎರಡೂ ಬದಿಗೆ ಮೀಟರನ್ನು ಮಿಲಿವೋಲ್ಟಿನ ಅಳತೆಯಲ್ಲಿಟ್ಟು ಹಿಡಿಯುವುದು. 3 ಆಂಪಿಯರ್ ಹರಿಯುತ್ತಿದ್ದರೆ ಮೇಲೆ ಹೇಳಿದ ಕೆಟ್ಟ ಬೆಸುಗೆ 30 ಮಿಲಿವೋಲ್ಟು ತೋರಿಸಿ ಸಿಕ್ಕಿಬೀಳುತ್ತದೆ.

ಇನ್ನು ತಂತಿಗಳ ಒಪ್ಪ ಓರಣ. ನಾನು ಸುತ್ತಿದ ಜಡೆಯೂ ತಪ್ಪೇ ಆಗಿತ್ತೆಂದು ಆ ಹಿರಿಯರು ತೋರಿಸಿಕೊಟ್ಟರು. ಬೆಸುಗೆಯ ಕೆಲಸ ವಿದ್ಯುತ್ತನ್ನು ದಾಟಿಸುವುದು. ಎಳೆತವನ್ನು ತಾಳುವುದು ಅದರ ಕೆಲಸವಲ್ಲ. ಕರಗಿದ ಲೆಡ್ ತಂತಿಯ ಹೊದಿಕೆಯ ಕೆಳಗೆ ಸ್ವಲ್ಪ ದೂರ ಏರಿ ಅಲ್ಲಿನ ಎಳೆಗಳನ್ನು ಸೆಟೆಯಿಸುತ್ತದೆ. ಸೆಟೆದ ಭಾಗ ಮುಗಿದು ಮೆತ್ತನೆಯ ಭಾಗ ಮೊದಲಾಗುವ ಗೆರೆಯಲ್ಲಿಯೇ ತಂತಿ ಬಾಗಿ ಬಾಗಿ ಕಡಿಯುತ್ತದೆ. ಅದಕ್ಕಾಗಿ ಬೆಸುಗೆಯಿಂದ ಒಂದಂಗುಲ ದೂರದಲ್ಲಿ ತಂತಿಯನ್ನು ಕಾರಿನ ಮೈಗೆ ಕಟ್ಟಿ, ನಡುವೆ ತುಸು ಸಡಿಲ ಬಿಡಬೇಕು. ಬಿಗಿದು ಕಟ್ಟಿದ ತಂತಿ ಅಂದವಾಗಿ ಕಾಣುವುದು ನಿಜ. ಕಾರು ಕುಪ್ಪಳಿಸಿದಾಗ ಎಳೆತವೆಲ್ಲ ಬೆಸುಗೆಯ ಮೇಲೆಯೇ ಬೀಳುತ್ತದೆ.

ಮೋಟಾರಿನ ತಂತಿಗಳನ್ನೂ ರಿಸೀವರಿನ ತಂತಿಗಳನ್ನೂ ಒಂದೇ ಕಟ್ಟಿಗೆ ಸೇರಿಸಿದುದು ಇನ್ನೊಂದು ಅವಿವೇಕ. ಮೋಟಾರಿನ ಇದ್ದಿಲ ಕುಚ್ಚುಗಳು ಕಿಡಿಯಾಡಿದಂತೆಲ್ಲ ವಿದ್ಯುತ್ತಿನ ಗದ್ದಲವೇಳುತ್ತದೆ. ಅದನ್ನಡಗಿಸಲೆಂದೇ ಮೋಟಾರಿಗೆ ಪುಟ್ಟ ಕೆಪಾಸಿಟರುಗಳನ್ನು ಬೆಸೆದಿರುತ್ತಾರೆ, ಅವನ್ನು ಕಿತ್ತೆಸೆಯಬಾರದು. ದಪ್ಪ ತಂತಿಗಳೆರಡನ್ನು ಚಿಕ್ಕದಾಗಿಸಿ ಒಂದಕ್ಕೊಂದು ಹೊಸೆದರೆ ಅವುಗಳ ಕಾಂತಪ್ರಭಾವ ಪರಸ್ಪರ ಕಳೆದುಹೋಗುತ್ತದೆ. ಆಂಟೆನಾ ಇವುಗಳಿಂದ ದೂರ, ನೆಟ್ಟಗೆ ನಿಲ್ಲಬೇಕು. ಹಳೆಯ 27 ಮೆಗಾಹರ್ಟ್ಸಿನ ಕಾರುಗಳಲ್ಲಿ ಅಲೆಯ ಉದ್ದ 11 ಮೀಟರಾದುದರಿಂದ ಉದ್ದನೆಯ ತಂತಿಯಿರುತ್ತಿತ್ತು. ಈಗಿನ 2.4 ಗಿಗಾಹರ್ಟ್ಸಿನ ಅಲೆಗೆ ಉದ್ದ ಹನ್ನೆರಡೂವರೆ ಸೆಂಟಿಮೀಟರು. ಅದರ ಕಾಲು ಭಾಗ, ಎಂದರೆ ತುದಿಯ ಮೂರು ಸೆಂಟಿಮೀಟರು ಮಾತ್ರ ನಿಜವಾಗಿ ಆಲಿಸುವುದು. ಹೆಚ್ಚಾಯಿತೆಂದು ಅದನ್ನು ಕತ್ತರಿಸಿದವರುಂಟು.

ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರ. ಅದರ ಎರಡು ತಂತಿಗಳನ್ನು ಒಟ್ಟಿಗೆ ಕತ್ತರಿಸಕೂಡದು. ಕತ್ತರಿಯ ಬಾಯೇ ಎರಡನ್ನೂ ಕೂಡಿಸಿ ಕಿಡಿ ಹಾರಿಸುತ್ತದೆ. ಲಿಥಿಯಂ ಬ್ಯಾಟರಿಯಾದರೆ ಬೆಂಕಿಯೇ ಹೊತ್ತಬಹುದು. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿದ ಮೇಲೆಯೇ ಇನ್ನೊಂದು. ಮುಚ್ಚುವುದಕ್ಕೆ ಶಾಖಕ್ಕೆ ಕುಗ್ಗುವ ಕೊಳವೆ ಟೇಪಿಗಿಂತ ಮೇಲು. ಬೆಸೆಯುವ ಮೊದಲೇ ಅದನ್ನು ತಂತಿಗೆ ಪೋಣಿಸಿಕೊಳ್ಳಬೇಕು. ನಾನು ಎರಡು ಸಲ ಮರೆತು ಎರಡು ಸಲ ಬಿಚ್ಚಿದೆನು.

ಆ ಅಂಗಡಿಯ ದೊಡ್ಡ ಕಡ್ಡಿಯಿಂದಲೇ ಮತ್ತೆ ಬೆಸೆದೆನು. ಹಿರಿಯರು ಮತ್ತೆ ಉಗುರು ಹಾಕಿ ಮೀಟಿದರು, ಎಳೆದರು, ಏನೂ ಹೇಳದೆ ಮೀಟರನ್ನು ನನ್ನ ಕೈಗೆ ಕೊಟ್ಟರು. ಅದು 3 ಮಿಲಿವೋಲ್ಟು ತೋರಿಸಿತು. ಸಂಜೆ ಬಯಲಿಗೆ ಹೋದಾಗ ಮೊದಲು ಆ ಮಗುವನ್ನು ಶಾಲೆಯ ಜಗಲಿಯ ಮೇಲೆ ಕೂರಿಸಿದೆವು. ಆಮೇಲೆ ಅಕ್ಕನ ಮಗನು ಮೊದಲು ಕೈಯಲ್ಲಿದ್ದ ಪೆಟ್ಟಿಗೆಯನ್ನೂ ಅನಂತರ ಕಾರನ್ನೂ ಹೊತ್ತಿಸಿ, ವೇಗವನ್ನು ಪೂರ್ತಿ ಏರಿಸಿದನು.