ತೇಲೋದು ಸುಲಭ, ನಿಲ್ಲೋದು ಕಷ್ಟ: ಎರಡು ತೇಲುವ ಸೇತುವೆಗಳ ಪಾಠ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಾದ ನಮಗೆ ಸಮುದ್ರ ಅಂದ್ರೆ ಟೂರ್ ಹೋದಾಗ ಮಾತ್ರ ಕಾಣೋದು. ಆದ್ರೆ ನೀರಿನ ಮೇಲೆ ತೇಲೋ ವೇದಿಕೆ ನಮಗೇನೂ ಹೊಸದಲ್ಲ. ನಂಜನಗೂಡಿನಲ್ಲಿ ಕಪಿಲಾ ನದಿಯ ತೆಪ್ಪೋತ್ಸವವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ, ಕಾವೇರಿಯಲ್ಲಿ ಹರಿಗೋಲು ಹತ್ತಿದವರೂ ಇದ್ದಾರೆ. ಅಂಥ ತೆಪ್ಪಗಳನ್ನು ಸಾಲಾಗಿ ಜೋಡಿಸಿ, ಮೇಲೆ ನಡೆಯೋಕೆ ದಾರಿ ಮಾಡಿದರೆ ಅದೇ ತೇಲುವ ಸೇತುವೆ. ಕಂಬ ಇಲ್ಲ, ಅಡಿಪಾಯ ಇಲ್ಲ, ಭಾರ ಹೊರೋದು ನೀರೇ.

ಈ ಲೇಖನದಲ್ಲಿ ಅಂಥ ಎರಡು ಪಾದಚಾರಿ ಸೇತುವೆಗಳನ್ನು ನೋಡೋಣ. ಒಂದು ನಮ್ಮದೇ ಮಲ್ಪೆಯದು, ಶುರುವಾದ ಕೆಲವೇ ದಿನಗಳಲ್ಲಿ ಅಲೆಗೆ ಸಿಕ್ಕಿ ಬಿಚ್ಚಿಹೋಯಿತು. ಇನ್ನೊಂದು ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದ್ದು, 1888ರಿಂದ ಜನರನ್ನು ದಾಟಿಸುತ್ತಿದೆ. ಎರಡಕ್ಕೂ ಆರ್ಕಿಮಿಡೀಸ್ ತತ್ವ ಒಂದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ?

ಮಲ್ಪೆಯಲ್ಲಿ ಆಗಿದ್ದು

2022ರ ಮೇ ಮೊದಲ ವಾರದಲ್ಲಿ ಉಡುಪಿಯ ಮಲ್ಪೆ ಬೀಚ್‌ನಲ್ಲಿ ತೇಲುವ ಸೇತುವೆ ತೆರೆಯಿತು. ಸುಮಾರು 100 ಮೀಟರ್ ಉದ್ದ, 3.5 ಮೀಟರ್ ಅಗಲ. ಗಟ್ಟಿ ಪ್ಲಾಸ್ಟಿಕ್ (ಎಚ್‌ಡಿಪಿಇ) ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ, ಲಂಗರು ಹಾಕಿ, ದಡದಿಂದ ಸಮುದ್ರದೊಳಗೆ ನೇರವಾಗಿ ಚಾಚಿದ್ದರು. ಲೈಫ್ ಜಾಕೆಟ್ ಹಾಕ್ಕೊಂಡು ಅಲೆಯ ಮೇಲೆ ತೂಗಾಡ್ತಾ ನಡೆಯೋದೇ ಅದರ ಮಜಾ. ಅದೇ ವಾರ ಬಂಗಾಳ ಕೊಲ್ಲಿಯಲ್ಲಿ ಅಸಾನಿ ಚಂಡಮಾರುತ ಎದ್ದಿತು. ಇತ್ತ ಅರಬ್ಬೀ ಸಮುದ್ರವೂ ಒರಟಾಯಿತು, ಸೇತುವೆಯ ಬ್ಲಾಕ್‌ಗಳು ಕಳಚಿಕೊಂಡವು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ.

ಇದನ್ನ ಕೇಳಿದ ತಕ್ಷಣ "ಭಾರ ತಡೀಲಿಲ್ಲ" ಅಂದುಬಿಡ್ತೀವಿ. ಅದು ನಿಜಾನಾ? ಲೆಕ್ಕ ಹಾಕಿ ನೋಡೋಣ.

ಭಾರದ ಲೆಕ್ಕ

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗೋ ತೇಲು ಬ್ಲಾಕ್ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಇರುತ್ತೆ. ತೂಕ ಸುಮಾರು 7 ಕೆ.ಜಿ. ಒಂದು ಚದರ ಮೀಟರಿಗೆ ಇಂಥ 4 ಬ್ಲಾಕ್ ಬೇಕು. ಪೂರ್ತಿ ಮುಳುಗಿದರೆ ಅವು 0.4 ಘನ ಮೀಟರ್, ಅಂದ್ರೆ 400 ಕೆ.ಜಿ. ನೀರನ್ನು ಸರಿಸುತ್ತವೆ. ಬ್ಲಾಕ್‌ಗಳ ತೂಕ 28 ಕೆ.ಜಿ. ಕಳೆದು, ಮೂಲೆಗಳು ದುಂಡಗಿರೋದಕ್ಕೂ ಒಂದಿಷ್ಟು ಬಿಟ್ಟರೆ ಚದರ ಮೀಟರಿಗೆ 350 ಕೆ.ಜಿ. ಹೊರಬಹುದು.

ಮಲ್ಪೆಯಷ್ಟು ದೊಡ್ಡ ಸೇತುವೆಯ ವಿಸ್ತೀರ್ಣ 350 ಚದರ ಮೀಟರ್. ಒಟ್ಟು ಸಾಮರ್ಥ್ಯ 1,22,500 ಕೆ.ಜಿ. ಅದರ ಮೇಲೆ ತಲಾ 70 ಕೆ.ಜಿ.ಯ 100 ಜನ ನಿಂತರೂ 7,000 ಕೆ.ಜಿ. ಮಾತ್ರ. ಸಾಮರ್ಥ್ಯದ ಶೇ. 6ರಷ್ಟೂ ಆಗಲಿಲ್ಲ! ಜನರೆಲ್ಲ ಸಮನಾಗಿ ಹರಡಿಕೊಂಡು ನಿಂತರೆ ಸೇತುವೆ ಸ್ವಂತ ತೂಕಕ್ಕೆ ಸುಮಾರು 3 ಸೆಂ.ಮೀ., ಜನರ ತೂಕಕ್ಕೆ ಇನ್ನೆರಡು ಸೆಂ.ಮೀ. ಮುಳುಗುತ್ತೆ, ಅಷ್ಟೇ.

ಅಂದ್ರೆ ತೇಲಿಸೋದು ಕಷ್ಟದ ಕೆಲಸವೇ ಅಲ್ಲ. ಕಷ್ಟ ಇರೋದು ಬೇರೆ ಕಡೆ.

ಅಲೆ ಏನು ಮಾಡುತ್ತೆ?

ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಅರ್ಧ ಮೀಟರ್ ಇದ್ದ ಅಲೆ 2 ಮೀಟರ್ ಆದರೆ ಎತ್ತರ 4 ಪಟ್ಟು, ಶಕ್ತಿ 16 ಪಟ್ಟು. ದಡದ ಹತ್ತಿರ ಆಳ ಕಡಿಮೆಯಾದಂತೆ ಅಲೆ ಎದ್ದು ಮಗುಚಿ ಒಡೆಯುತ್ತೆ. ಬೀಚ್‌ನ ಸೇತುವೆ ಇರೋದು ಸರಿಯಾಗಿ ಅಲ್ಲೇ. ಐದೇ ಸೆಂ.ಮೀ. ಮುಳುಗಿರೋ ಹಗುರ ಸೇತುವೆ ಪ್ರತಿ ಅಲೆಗೂ ಬಾಗಬೇಕು. ಅಲೆಯ ತುದಿ ಬಂದಾಗ ಒಂದು ಜಾಗ ಎದ್ದಿರುತ್ತೆ, ಪಕ್ಕದ ಜಾಗ ತಗ್ಗಿರುತ್ತೆ. ನಡುವಿನ ಕೀಲು, ಪಿನ್ನುಗಳು ಎರಡನ್ನೂ ಹಿಡಿದಿಟ್ಟುಕೊಳ್ಳಬೇಕು. 8 ಸೆಕೆಂಡಿಗೊಂದು ಅಲೆ ಅಂದುಕೊಂಡರೂ ದಿನಕ್ಕೆ 10,800 ಸಲ ಹೀಗೆ ಬಾಗುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಹಾಗೇ. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಫೆಟೀಗ್ ಅಂತ ಹೆಸರು.

2024ರ ಮಾರ್ಚ್‌ನಲ್ಲಿ ಕೇರಳದ ವರ್ಕಲದಲ್ಲೂ ಬಲವಾದ ಅಲೆ ಹೊಡೆದು, ಅಲ್ಲಿನ ತೇಲುವ ಸೇತುವೆಯ ಮೇಲಿದ್ದ ಹಲವರು ನೀರಿಗೆ ಬಿದ್ದು ಗಾಯಗೊಂಡರು. ಸೇತುವೆ ಮುಳುಗಿ ಆದ ಅಪಘಾತ ಅಲ್ಲ ಅದು.

ಮಲ್ಪೆಯಲ್ಲೇ ಇನ್ನೊಂದು ನೀರು ಇದೆ ಅನ್ನೋದನ್ನ ಗಮನಿಸಿ. ಬಣ್ಣಬಣ್ಣದ ಮೀನುಗಾರಿಕಾ ದೋಣಿಗಳು ನಿಲ್ಲೋ ಬಂದರು ನದಿಯ ಅಳಿವೆಯ ಒಳಗಿದೆ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ದೋಣಿಗಳೆಲ್ಲ ದಡ ಸೇರುತ್ತವೆ. ಕಡಲನ್ನು ಬಲ್ಲವರು ಮರೆಯ ನೀರನ್ನೂ ಬಯಲ ನೀರನ್ನೂ ಬೇರೆ ಬೇರೆಯಾಗೇ ನೋಡ್ತಾರೆ.

ವಿಲೆಮ್‌ಸ್ಟಾಡ್‌ನ ಅಜ್ಜಿ

ಈಗ ಎರಡನೇ ಸೇತುವೆಗೆ ಬರೋಣ. ಕುರಸಾವ್‌ನ ರಾಜಧಾನಿ ವಿಲೆಮ್‌ಸ್ಟಾಡ್, ಸೇಂಟ್ ಆ್ಯನಾ ಕೊಲ್ಲಿಯ ಎರಡು ದಡದಲ್ಲಿ ಹಬ್ಬಿದೆ. ಒಂದು ದಡ ಪುಂಡಾ, ಇನ್ನೊಂದು ಓಟ್ರೊಬಂಡಾ. ಓಟ್ರೊಬಂಡಾ ಅಂದ್ರೆ ನಮ್ಮ ಮಾತಲ್ಲಿ "ಆಚೆ ಕಡೆ" ಅಂತಲೇ ಅರ್ಥ! ದಡದ ಮನೆಗಳು ಹಳದಿ, ನೀಲಿ, ಗುಲಾಬಿ. ಬಿಳಿ ಗೋಡೆಗಳ ಝಳಪಿನಿಂದ ತಲೆನೋವು ಬರುತ್ತೆ ಅಂತ 19ನೇ ಶತಮಾನದ ಗವರ್ನರ್ ಒಬ್ಬರು ಬಿಳಿ ಬಣ್ಣವನ್ನೇ ನಿಷೇಧಿಸಿದರು ಅಂತ ಕತೆ ಹೇಳ್ತಾರೆ. 1997ರಲ್ಲಿ ಈ ನಗರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಎರಡು ದಡ ಜೋಡಿಸೋದು ಕ್ವೀನ್ ಎಮ್ಮಾ ಸೇತುವೆ. 167 ಮೀಟರ್ ಉದ್ದ, ದೋಣಿಯಾಕಾರದ ಪಾಂಟೂನ್‌ಗಳ ಮೇಲೆ ನಿಂತಿದೆ. ಹಡಗು ಬಂದಾಗ ದಾರಿ ಬಿಡಬೇಕಲ್ಲ? ಅದಕ್ಕೆ ಒಂದು ತುದಿಯನ್ನು ಬಾಗಿಲಿನ ಕೀಲಿನ ಹಾಗೆ ದಡಕ್ಕೆ ಕಟ್ಟಿದ್ದಾರೆ, ಇನ್ನೊಂದು ತುದಿಗೆ ಎಂಜಿನ್, ಪ್ರೊಪೆಲ್ಲರ್ ಇದೆ. ಇಡೀ ಸೇತುವೆ ಬಾಗಿಲಿನಂತೆ ತಿರುಗಿ ದಡಕ್ಕೆ ಒರಗುತ್ತೆ. ಕಿತ್ತಳೆ ಬಾವುಟ ಹಾರಿಸಿದರೆ ಬೇಗ ಮುಚ್ಚುತ್ತೆ, ನೀಲಿ ಬಾವುಟವಾದರೆ ತಡ. ಅಷ್ಟರವರೆಗೆ ಜನ ಉಚಿತ ದೋಣಿಯಲ್ಲಿ ದಾಟ್ತಾರೆ. 1974ರಲ್ಲಿ ಎತ್ತರದ ಕ್ವೀನ್ ಜೂಲಿಯಾನಾ ಸೇತುವೆ ಆದಮೇಲೆ ಇದು ನಡೆಯೋರಿಗೆ ಮಾತ್ರ. ಹೆಜ್ಜೆ ಇಟ್ಟಾಗ ತೂಗುತ್ತೆ ಅಂತ ಪ್ರೀತಿಯಿಂದ "ತೂಗಾಡೋ ಅಜ್ಜಿ" ಅಂತಾರೆ.

ಅಜ್ಜಿ ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣಗಳು ಸರಳ. ಅವಳು ನಿಂತಿರೋದು ಬಂದರಿನ ಕಿರಿದಾದ ಕಾಲುವೆಯೊಳಗೆ, ತೆರೆದ ಬೀಚ್‌ನಲ್ಲಲ್ಲ. ಅಲ್ಲಿ ಉಬ್ಬರವಿಳಿತವೂ ತೀರಾ ಕಡಿಮೆ. ಜೊತೆಗೆ 1939ರಲ್ಲಿ, 2006ರಲ್ಲಿ ದೊಡ್ಡ ಮಟ್ಟದ ಕೆಲಸ ಮಾಡಿ ಹೊಸತು ಮಾಡಿದರು. ಸರಿಯಾದ ಜಾಗ, ಬಿಡದ ದುರಸ್ತಿ.

ದುರಸ್ತಿಯಲ್ಲೂ ಎಚ್ಚರ ಬೇಕು. ಅಮೆರಿಕದ ಸಿಯಾಟಲ್‌ನಲ್ಲಿ 1940ರ ಒಂದು ಕಾಂಕ್ರೀಟ್ ತೇಲುವ ಸೇತುವೆ 50 ವರ್ಷ ಚೆನ್ನಾಗಿತ್ತು. 1990ರ ನವೆಂಬರ್‌ನಲ್ಲಿ ದುರಸ್ತಿ ನಡೆಯುವಾಗ ಪಾಂಟೂನ್‌ಗಳ ಬಾಯಿ ತೆರೆದಿತ್ತು. ಬಿರುಗಾಳಿ ಬಂತು, ನೀರು ತುಂಬಿತು, ಸೇತುವೆ ಮುಳುಗಿತು.

ನೀವು ಹೋದಾಗ ಏನು ನೋಡ್ತೀರಿ?

ಮುಂದಿನ ಟೂರ್‌ನಲ್ಲಿ ಎಲ್ಲಾದರೂ ತೇಲುವ ಸೇತುವೆ ಸಿಕ್ಕರೆ ಸೆಲ್ಫಿಗೆ ಮೊದಲು ಇಷ್ಟು ನೋಡಿ:

1. ಅಲೆ ಸೇತುವೆಯ ಈಚೆಗೆ ಒಡೆಯುತ್ತಿದೆಯಾ, ಆಚೆಗಾ?
2. ಲಂಗರಿನ ಹಗ್ಗ ಎರಡೂ ಬದಿಗೆ ಇದೆಯಾ? ಎಷ್ಟು ಅಂತರಕ್ಕೊಂದು?
3. ಬ್ಲಾಕ್‌ಗಳ ಕೀಲು ಸವೆದಿದೆಯಾ, ಪಿನ್ನು ಬಿಟ್ಟುಹೋಗಿದೆಯಾ?
4. ಕೈಕಂಬಿ ಅಲ್ಲಾಡುತ್ತಿದೆಯಾ?
5. ಜನರನ್ನು ಎಣಿಸಿ ಬಿಡುತ್ತಿದ್ದಾರಾ? ಕೆಂಪು ಬಾವುಟ ಏರಿಸಿದ್ದಾರಾ?

ಉತ್ತರ ಸರಿ ಅನಿಸದಿದ್ದರೆ ಹತ್ತಬೇಡಿ, ಟಿಕೆಟ್ ದುಡ್ಡು ಹೋದರೆ ಹೋಯ್ತು. ಲೈಫ್ ಜಾಕೆಟ್ ಮಾತ್ರ ಎಲ್ಲಿದ್ದರೂ ಬಿಡಬೇಡಿ.

ನಿಮಗೊಂದು ಲೆಕ್ಕ

ನಮ್ಮ ಸುವರ್ಣಾವತಿ ಜಲಾಶಯದಲ್ಲಿ ತೇಲುವ ಸೇತುವೆ ಮಾಡಬೇಕು ಅಂತ ಇಟ್ಟುಕೊಳ್ಳಿ. ಅಲ್ಲಿ ಕಡಲಿನ ಅಲೆ ಇಲ್ಲ. ಆದ್ರೆ ಬೇಸಿಗೆಗೆ ನೀರು ಇಳಿಯುತ್ತೆ. 6 ಮೀಟರ್ ಇಳಿಯಿತು ಅಂದುಕೊಳ್ಳಿ. ದಡದಿಂದ ಸೇತುವೆಗೆ ಇಳಿಯೋ ಓರೆದಾರಿ 1:12 ಇಳಿಜಾರಿನಲ್ಲಿ ಇರಬೇಕಾದ್ರೆ ಅದೊಂದೇ 72 ಮೀಟರ್ ಉದ್ದ ಬೇಕು! ಜಾಗ ಬದಲಾದಂತೆ ಸಮಸ್ಯೆಯೂ ಬದಲಾಯ್ತು ನೋಡಿ.

ಈ ಓರೆದಾರಿಯನ್ನು ನೀವು ಹೇಗೆ ಮಾಡ್ತೀರಿ? ನೀರಿನ ಜೊತೆ ಅದೂ ಏರಿ ಇಳಿಯಬೇಕು, ಗಾಲಿಕುರ್ಚಿಯವರೂ ದಾಟಬೇಕು. ಒಂದು ಚಿತ್ರ ಬರೆದು, ಲೆಕ್ಕ ಸಮೇತ ನಮ್ಮ ಕನ್ನಡ ಸಂಘಕ್ಕೆ ತಂದುಕೊಡಿ. ಕನ್ನಡದಲ್ಲೇ ಬರೀರಿ.